ಪ್ಲಗ್ಗಿಗೆ ಸ್ನಾನ ಮಾಡಿಸಿದ್ದು

ಹೋದ ವಾರ ನಾನು ಒಂದು ಸ್ಪಾರ್ಕ್ ಪ್ಲಗ್ಗಿಗೆ ಸ್ನಾನ ಮಾಡಿಸಿದೆ.

ನಗಬೇಡಿ. ಪೆಟ್ರೋಲಿನಲ್ಲಿ ನೆನೆಹಾಕಿ, ಹಳೇ ಟೂತ್‌ಬ್ರಶ್ಶಿನಲ್ಲಿ ತಿಕ್ಕಿ, ಕೊನೆಗೆ ಉಪ್ಪುಕಾಗದದಿಂದ ಉಜ್ಜಿ ಫಳಫಳ ಮಾಡಿದೆ. ಒಗೆದ ಕರ್ಚೀಫಿನಲ್ಲಿ ಸುತ್ತಿಕೊಂಡು ಹಿರಿಯೂರಿನಿಂದ ಬಬ್ಬೂರಿಗೆ ಹೋಗಿ ಮೆಕ್ಯಾನಿಕ್ ಈರಣ್ಣನ ಕೈಗಿಟ್ಟೆ. (ಬಸ್ಸಿನಲ್ಲಿ ಹೋದೆ. ಬೈಕು ನೆಟ್ಟಗೆ ಓಡುತ್ತಿದ್ದರೆ ಈರಣ್ಣ ಯಾಕೆ ಬೇಕಿತ್ತು?)

ಈರಣ್ಣನದು ಕುರಿ ಕಾಯುವ ಮನೆತನ. ಶೆಡ್ಡಿನ ಮುಂದೆ ಬೈಕು, ಹಿಂದೆ ಕುರಿ. ಪ್ಲಗ್ಗನ್ನು ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇದ್ರಾಗೆ ಏನ್ ನೋಡ್ಲಿ ಸಾರ್? ಕುರಿ ಕೊಳ್ಳೋವಾಗ ಬಾಯಿ ಬಿಡ್ಸಿ ಹಲ್ಲು ನೋಡ್ತೀವಿ. ನೀವು ಹಲ್ಲೆಲ್ಲ ಕಿತ್ತು ಕುರಿ ತಂದೀರಲ್ಲ!"

ವಿಷಯ ಇಷ್ಟೇ. ಇಂಜಿನ್ನಿನ ಹೊಟ್ಟೆಯೊಳಗಿನ ಸಮಾಚಾರವೆಲ್ಲ ಪ್ಲಗ್ಗಿನ ತುದಿಯ ಬಣ್ಣದಲ್ಲಿರುತ್ತದಂತೆ. ಕಪ್ಪು ಮಸಿ ಹಿಡಿದಿದ್ದರೆ ಕಾರ್ಬುರೇಟರ್ ಪೆಟ್ರೋಲು ಜಾಸ್ತಿ ಕುಡಿಸುತ್ತಿದೆ. ಬೆಳ್ಳಗೆ ಬಿಳುಚಿಕೊಂಡಿದ್ದರೆ ಪೆಟ್ರೋಲು ಸಾಲದೆ ಇಂಜಿನ್ನು ಕಾದು ಬೇಯುತ್ತಿದೆ. ಹುರಿದ ಶೇಂಗಾ ಬಣ್ಣ ಬಂದಿದ್ದರೆ ಎಲ್ಲ ಸರಿಯಾಗಿದೆ. ನಾನು ಆ ಸಮಾಚಾರವನ್ನೇ ಉಜ್ಜಿ ತೊಳೆದಿದ್ದೆ!

ಯಾಕೆ ಹೀಗೆ ಮಾಡಿದೆ? ಅಭ್ಯಾಸ ಸ್ವಾಮಿ, ಅಭ್ಯಾಸ. ನಾವು ಯಾರಿಗೆ ಏನನ್ನು ಕೊಳೆಯಿದ್ದ ಹಾಗೇ ತೋರಿಸಿದ್ದೇವೆ ಹೇಳಿ? ಷುಗರ್ ಟೆಸ್ಟಿಗೆ ಮೂರು ದಿನ ಮುಂಚೆಯೇ ನಾನು ಸಿಹಿ ಬಿಟ್ಟುಬಿಡುತ್ತೇನೆ. ರಿಪೋರ್ಟು ಚೆನ್ನಾಗಿ ಬಂದರೆ ಆ ಖುಷಿಗೆ ಲ್ಯಾಬಿನ ಪಕ್ಕದ ಬೇಕರಿಯಲ್ಲೇ ಮೈಸೂರು ಪಾಕ್ ತಿನ್ನುತ್ತೇನೆ. (ನನ್ನ ಡಾಕ್ಟರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯ.)

ಆದರೆ ಈ ಸಲ ತಮಾಷೆ ಮಾಡುವ ಹಾಗಿರಲಿಲ್ಲ. ಈ ಬೈಕು ನನಗಿಂತ ನಾಲ್ಕೇ ವರ್ಷ ಚಿಕ್ಕದು. ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರ ಮೇಲೆ ನನಗೆ ಪ್ರಾಣ. ನನ್ನ ಹೆಂಡತಿ ಗಿರಿಜೆಗೆ ಮಾತ್ರ ಹೋದ ವರ್ಷದಿಂದ ಅದನ್ನು ಕಂಡರಾಗದು. ಒಂದು ಮದುವೆಗೆ ಹೊರಟಾಗ ಅದು ಹೊಳಲ್ಕೆರೆ ಹತ್ತಿರ ಕೈಕೊಟ್ಟು, ಅವಳು ರೇಷ್ಮೆ ಸೀರೆಯಲ್ಲಿ ಒಂದು ಮೈಲಿ ತಳ್ಳಿದ್ದಳು.

"ಭಾನುವಾರ ಹೊಸದುರ್ಗದಾಗೆ ನನ್ ತಂಗಿ ಮನೆ ಗೃಹಪ್ರವೇಶ. ಇದ್ರ ಮೇಲೇ ಹೋಗಾಣ," ಎಂದಿದ್ದಳು. "ದಾರ್‍ಯಾಗೆ ಕೆಟ್ಟು ನಿಂತ್ರೆ ಸೋಮವಾರ ಗುಜರಿಯೋನು ಬರ್ತಾನೆ. ಹೇಳಿಟ್ಟೀನಿ."

ಅದನ್ನು ಕೇಳಿ ಈರಣ್ಣನ ಮನಸ್ಸು ಕರಗಿತು. ಪ್ಲಗ್ಗು ವಾಪಸು ಕೊಟ್ಟು ಗುಟ್ಟು ಹೇಳಿಕೊಟ್ಟ. ಕಾರ್ಬುರೇಟರಿನೊಳಗೆ ಒಂದು ಸೂಜಿ, ಸೂಜಿಗೆ ಗೀರುಗಳು, ಗೀರಿಗೆ ಒಂದು ಕ್ಲಿಪ್ಪು. ಕ್ಲಿಪ್ಪು ಮೇಲೇರಿಸಿದರೆ ಪೆಟ್ರೋಲು ಕಮ್ಮಿ, ಇಳಿಸಿದರೆ ಜಾಸ್ತಿ. "ಎರಡು ಮೈಲಿ ಜೋರಾಗಿ ಓಡ್ಸಿ, ಓಡೋ ಗಾಡೀನೇ ಆಫ್ ಮಾಡಿ, ಅಲ್ಲೇ ಪ್ಲಗ್ ಬಿಚ್ಚಿ ನೋಡ್ರಿ. ಮನೆಗೆ ತಂದು ನೋಡಬ್ಯಾಡ್ರಿ. ಒರಸಂತೂ ಒರಸಬ್ಯಾಡ್ರಿ!"

ಭಾನುವಾರ ಬೆಳಿಗ್ಗೆ ಹೊರಟೆವು. ಮಾರಿಕಣಿವೆ ರಸ್ತೆಯಲ್ಲಿ ಬೈಕು ಕೆಮ್ಮತೊಡಗಿತು. ಆಫ್ ಮಾಡಿ ನಿಲ್ಲಿಸಿದೆ. ಗಿರಿಜೆ ಗುಜರಿಯವನಿಗೆ ಹೇಳಲು ಫೋನು ತೆಗೆದಳು.

"ಕೆಟ್ಟಿಲ್ಲ ಕಣೇ! ನಾನೇ ನಿಲ್ಸಿದ್ದು!"

ಪ್ಲಗ್ಗು ಬಿಚ್ಚಿದೆ. ಕಾಡಿಗೆ ಕಪ್ಪು. ಹುಮ್ಮಸ್ಸಿನಲ್ಲಿ ಕ್ಲಿಪ್ಪನ್ನು ಒಮ್ಮೆಗೇ ಎರಡು ಗೀರು ಮೇಲೇರಿಸಿ, ಎರಡು ಮೈಲಿ ಓಡಿಸಿ, ಮತ್ತೆ ಬಿಚ್ಚಿದೆ. ಈಗ ಏನೋ ಒಂದು ತೆಳು ಬಣ್ಣ. ಇದೇನಾ ಹುರಿದ ಶೇಂಗಾ? ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದೆ. ಜನ್ಮದಲ್ಲಿ ಒಂದು ಹಿಡಿ ಶೇಂಗಾ ಹುರಿದವನಲ್ಲ, ನನಗೇನು ಗೊತ್ತು?

"ಕೊಡ್ರಿ ಇಲ್ಲಿ." ಸೆರಗಿನಲ್ಲಿ ಬಿಸಿ ಪ್ಲಗ್ಗು ಹಿಡಿದು ಗಿರಿಜೆ ಒಂದೇ ನೋಟ ನೋಡಿದಳು. "ಇದು ಹಸಿ ಶೇಂಗಾ ಕಣ್ರಿ. ಇನ್ನೂ ಒಲೆ ಮ್ಯಾಲೇ ಇಟ್ಟಿಲ್ಲ."

ಮೂವತ್ತು ವರ್ಷದಿಂದ ಚಟ್ನಿಪುಡಿಗೆ ಶೇಂಗಾ ಹುರಿದ ಕಣ್ಣು! ಕ್ಲಿಪ್ಪು ಒಂದು ಗೀರು ಇಳಿಸಿದೆ. ಮತ್ತೆ ಎರಡು ಮೈಲಿ. ಮತ್ತೆ ಆಫ್. ಈ ಸಲ ಅವಳೇ ಮೊದಲು ಇಳಿದು ಸ್ಪ್ಯಾನರಿಗೆ ಕೈಚಾಚಿದಳು.

"ಹಾಂ! ಹದ ಬಂತು ನೋಡ್ರಿ!"

ರಸ್ತೆ ಮಧ್ಯೆ ನಾನು ಕುಣಿದದ್ದನ್ನು ಒಬ್ಬ ಲಾರಿ ಡ್ರೈವರು ಹಾರ್ನ್ ಹೊಡೆದು ಮೆಚ್ಚಿಕೊಂಡ. ಆಮೇಲೆ ಬೈಕು ಓಡಿದ ಓಟವೇನು! ಎರಡೂ ಕಡೆ ತೆಂಗಿನ ತೋಟ, ಬೆನ್ನ ಹಿಂದೆ ಗಿರಿಜೆಯ ನಗು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. (ಅವತ್ತು ಹೊಸ ಬೂಟು ಕಚ್ಚುತ್ತಿತ್ತು.)

ಮೂರು ಮೈಲಿ ಹೋಗಿರಲಿಲ್ಲ, ಬೆನ್ನಿಗೆ ತಟ್ಟಿದಳು.

"ನಿಲ್ಸ್ರಿ. ಇನ್ನೊಂದ್ ಸಲ ನೋಡಾಣ."

"ಸರಿಯಾಗೈತಲ್ಲೇ!"

"ಸೀದಿದ್ರೆ?"

ಸೀದಿರಲಿಲ್ಲ. ಹೊಸದುರ್ಗ ಮುಟ್ಟುವುದರೊಳಗೆ ಇನ್ನೆರಡು ಸಲ ನಿಲ್ಲಿಸಿದಳು. ಪೂಜೆ ಮುಗಿದು ಊಟದ ಎರಡನೇ ಪಂಕ್ತಿ ಕೂತಿತ್ತು. ಗಿರಿಜೆಯ ರೇಷ್ಮೆ ಸೆರಗಿನ ತುಂಬಾ ಮಸಿ.

"ಗಾಡಿ ಕೆಟ್ಟಿತ್ತಾ ಅಕ್ಕಾ?" ತಂಗಿ ಕೇಳಿದಳು.

ನನ್ನ ಬೈಕಿನ ಆಯಸ್ಸೆಲ್ಲ ಆ ಒಂದು ಉತ್ತರದಲ್ಲಿತ್ತು.

"ಕೆಡೋದೇನು? ನಾವೇ ನಿಲ್ಸಿ ನಿಲ್ಸಿ ಬಂದ್ವಿ," ಎಂದು ಗಿರಿಜೆ ಮಸಿ ಕೈಯಲ್ಲೇ ಹೋಳಿಗೆ ಎತ್ತಿಕೊಂಡಳು.

ಸೋಮವಾರ ಗುಜರಿಯವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಬರಿಗೈಲಿ ಕಳಿಸಬಾರದೆಂದು ಗಿರಿಜೆ ಪ್ಲಗ್ಗು ತಿಕ್ಕಿದ ನನ್ನ ಟೂತ್‌ಬ್ರಶ್ಶು, ಉಪ್ಪುಕಾಗದ ಎರಡನ್ನೂ ಕೊಟ್ಟು ಕಳಿಸಿದಳು.