ಕೆಳಗಿನಮ್ಮನ ತುತ್ತು

ಬಂಗಾರಪೇಟೆ ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೂತು ಹನ್ನೊಂದು ವರ್ಷದಿಂದ ಬೇರೆಯವರ ಪರಿಚಯ ಬರೆಯುವುದೇ ನನ್ನ ಕೆಲಸ. ನೌಕರಿಯ ಅರ್ಜಿ, ಮದುವೆಯ ಬಯೋಡೇಟಾ, ಎಲ್ಲವನ್ನೂ ಟೈಪ್ ಮಾಡಿಕೊಡುತ್ತೇನೆ. ಕೆಜಿಎಫ್‌ನ ಲೈನ್ ಮನೆಗಳಿಂದ, ಅಂದರೆ ಗಣಿ ಕೂಲಿಗಳ ಸಾಲುಮನೆಗಳಿಂದ, ಬಂದವರು ವಿಳಾಸದ ಜಾಗಕ್ಕೆ ಬಂದಾಗ ದನಿ ತಗ್ಗಿಸುತ್ತಾರೆ. ಲೈನ್ ಅಂತ ಬೇಡ ಅಕ್ಕ, ರಾಬರ್ಟ್‌ಸನ್‌ಪೇಟೆ ಅಂತ ಹಾಕಿಬಿಡಿ ಅನ್ನುತ್ತಾರೆ. ನಾನು ಊರಿನ ಆ ದೊಡ್ಡ ಪೇಟೆಯ ಹೆಸರನ್ನೇ ಹಾಕಿಕೊಡುತ್ತೇನೆ. ಲೈನ್ ಮನೆಯಲ್ಲೇ ಹುಟ್ಟಿ ಬೆಳೆದ ನಾನು ನನ್ನ ಮದುವೆಯ ಬಯೋಡೇಟಾದಲ್ಲೂ ಹಾಗೇ ಹಾಕಿದ್ದೆ. ಆ ಮದುವೆ ಆಗಲಿಲ್ಲ ಅನ್ನುವುದು ಬೇರೆ ಮಾತು.

ಈಚೆಗೆ ನನ್ನದೇ ಪರಿಚಯ ಬರೆದುಕೊಳ್ಳುವ ಪ್ರಸಂಗ ಬಂತು. ಫ್ಯಾಂಟಸಿ ಕಾದಂಬರಿ ಓದುವವರ ಆನ್‌ಲೈನ್ ಗುಂಪೊಂದಿದೆ. ಡ್ರ್ಯಾಗನ್‌ಗಳು, ಮಾಟಗಾತಿಯರು, ಎಲ್ಲೂ ಇಲ್ಲದ ರಾಜ್ಯಗಳ ನಕಾಶೆ, ಇವುಗಳ ಮೇಲೆ ಅಲ್ಲಿ ದಿನವಿಡೀ ಜಗಳ. ಅಂಗಡಿಗೆ ಬರುವ ಬೆಳಗಿನ ರೈಲಿನಲ್ಲಿ ಅದನ್ನು ಓದುತ್ತ ಒಂದು ವರ್ಷ ಕಳೆದಿದ್ದೆ. ಬಾಯಿ ಹಾಕಬೇಕೆಂದರೆ ಮೊದಲು ಪರಿಚಯ ಬರೆಯಬೇಕು, ಅದನ್ನು ಅಡ್ಮಿನ್ ಒಪ್ಪಬೇಕು. ನನಗೋ ಬಾಯಿ ಹಾಕುವ ಆಸೆ ತಡೆಯಲಾರದಷ್ಟಿತ್ತು. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಈ ಪುಸ್ತಕಗಳ ಬಗ್ಗೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ.

ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಒಂದು ಪ್ರಶ್ನೆ ಕೊಟ್ಟಿದ್ದರು. ನಾನು ತಾತನ ಬಗ್ಗೆ ಬರೆದೆ. ಈಗಿಲ್ಲ ಆತ. ಅಮ್ಮನ ಅಪ್ಪ, ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂದು ನಂದಿದುರ್ಗ ಗಣಿಗೆ ಇಳಿದವನು. ಕೆಳಗೆ ಊಟಕ್ಕೆ ಕೂತಾಗ ರಾಗಿಮುದ್ದೆಯ ಮೊದಲ ತುತ್ತನ್ನು ಮುರಿದು ಬಂಡೆಯ ಮೇಲೆ ಇಡುತ್ತಿದ್ದ. ಅದು ಕೆಳಗಿನಮ್ಮನ ಪಾಲು. ಆಕೆ ಬಂಡೆಯೊಳಗೇ ಓಡಾಡುವವಳು, ಚಿನ್ನದ ಎಳೆಗಳೇ ಅವಳ ತಲೆಗೂದಲು. ತಮಿಳಿನಲ್ಲಿ ಕೂಗಿದರೂ ತೆಲುಗಿನಲ್ಲಿ ಕೂಗಿದರೂ ಓಗೊಡುತ್ತಿದ್ದಳಂತೆ. ಮಾರನೇ ದಿನ ನೋಡಿದರೆ ತುತ್ತು ಇರುತ್ತಿರಲಿಲ್ಲವಂತೆ. ಇದನ್ನು ಕೇಳಿ ಬೆಳೆದವಳಿಗೆ ಡ್ರ್ಯಾಗನ್ ಏನೂ ಹೊಸದಲ್ಲ ಅಂತ ಬರೆದು ಕಳಿಸಿದೆ. ಊರಿನ ಜಾಗದಲ್ಲಿ ಮಾತ್ರ ಕೈ ರೂಢಿಯಂತೆ ರಾಬರ್ಟ್‌ಸನ್‌ಪೇಟೆ ಎಂದೇ ಹಾಕಿತ್ತು.

ಅಡ್ಮಿನ್ ಬಹಳ ವಿನಯದಿಂದ ಉತ್ತರ ಬರೆದರು. ಆ ವಿನಯವೇ ನನಗೆ ಹೆಚ್ಚು ಚುಚ್ಚಿತು. ತಾತನದು ಮೂಢನಂಬಿಕೆ, ಫ್ಯಾಂಟಸಿ ಅಲ್ಲ, ತುತ್ತನ್ನು ಇಲಿ ತಿಂದಿರುತ್ತದೆ, ಆ ಭಾಗ ತೆಗೆದರೆ ಪರಿಚಯ ಹಾಕುತ್ತೇವೆ ಎಂದರು. ನಿಮ್ಮ ಕಡೆಯವರು ಗಣಿಯ ಕಷ್ಟದ ಬಗ್ಗೆ ಬರೆದರೆ ಚೆನ್ನ, ಈ ರಾಜರಾಣಿಯರೆಲ್ಲ ನಿಮಗೆ ಯಾಕೆ ಅಂತಲೂ ಸೇರಿಸಿದ್ದರು.

ಮೈಯೆಲ್ಲ ಉರಿಯಿತು. ಕಷ್ಟ ನಮ್ಮ ಮನೆಯಲ್ಲೇ ಬೇಕಾದಷ್ಟಿದೆ, ಅದಕ್ಕೆ ಪುಸ್ತಕ ಬೇರೆ ಬೇಕೇ? ಆದರೂ ನನ್ನ ಕೈ ನೋಡಿ, ಹನ್ನೊಂದು ವರ್ಷದ ಅಭ್ಯಾಸ, ತಾತನ ಭಾಗವನ್ನು ಅಳಿಸಲು ಗುರುತು ಮಾಡಿಯೇಬಿಟ್ಟಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಊಟದ ಹೊತ್ತು, ಅಂಗಡಿ ಖಾಲಿಯಿತ್ತು. ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಓದಿ ಹೇಳಿದೆ.

"ಇಲಿ ತಿಂತೈತೆ ಅಂತ ನಮ್ಮಪ್ಪಂಗೆ ಗೊತ್ತಿರ್ಲಿಲ್ಲಾ?" ಅಂದಳು ಅಮ್ಮ. "ಗೊತ್ತಿದ್ದೇ ಇಕ್ತಿದ್ದ ಕಣಮ್ಮಾ. ಅಷ್ಟು ಕತ್ಲಾಗೆ ಇಳಿಯೋನು, ಕೆಳಗೆ ನಮ್ಮೋಳು ಒಬ್ಳವ್ಳೆ ಅಂದ್ಕೊಂಡ್ರೇನೇ ಕಾಲು ಮುಂದಕ್ಕೆ ಓಗ್ತಿತ್ತಂತೆ."

ಪರಿಚಯದಿಂದ ಒಂದಕ್ಷರವನ್ನೂ ತೆಗೆಯಲಿಲ್ಲ. ಒಂದು ಸಾಲು ಸೇರಿಸಿದೆ: ತುತ್ತನ್ನು ಇಲಿ ತಿನ್ನುವುದು ನನ್ನ ತಾತನಿಗೆ ಗೊತ್ತಿತ್ತು, ಡ್ರ್ಯಾಗನ್ ಇಲ್ಲ ಅನ್ನುವುದು ನಿಮಗೆ ಗೊತ್ತಿರುವ ಹಾಗೆ. ರಾಬರ್ಟ್‌ಸನ್‌ಪೇಟೆ ಅಳಿಸಿ ನಂದಿದುರ್ಗ ಲೈನ್ ಅಂತ ಹಾಕಿದೆ. ಕಳಿಸಿದೆ.

ಎರಡು ತಿಂಗಳಾಯಿತು. ಒಪ್ಪಿಗೆಗೆ ಕಾಯುತ್ತಿದೆ ಅಂತಲೇ ಗುಂಪಿನ ಪುಟ ಈಗಲೂ ತೋರಿಸುತ್ತದೆ. ಕಾಯಲಿ. ಕೆಳಗಿನಮ್ಮ ಒಂದು ದಿನವೂ ಎದುರಿಗೆ ಬರಲಿಲ್ಲ ಅಂತ ತಾತ ತುತ್ತು ಇಡುವುದನ್ನು ಬಿಟ್ಟವನಲ್ಲ. ನಾನೂ ಪ್ರತಿ ಬುಧವಾರ, ಊಟಕ್ಕೆ ಕೂರುವ ಮುಂಚೆ, ಅದೇ ಪರಿಚಯವನ್ನು ತಿದ್ದದೆ ಮತ್ತೆ ಕಳಿಸುತ್ತೇನೆ.