ಬ್ಲಾಕ್ ಮೇಲಿಟ್ಟ ಕಾಲು

ಯಲಹಂಕದಾಚೆ ನಾವು ಅಭ್ಯಾಸ ಮಾಡುತ್ತಿದ್ದ ಮೈದಾನದಲ್ಲಿ ಓಟ ಶುರುಮಾಡುವಾಗ ಪಾದ ಊರುವ ಸ್ಟಾರ್ಟಿಂಗ್ ಬ್ಲಾಕನ್ನು ನೆಲಕ್ಕೆ ಕಚ್ಚಿ ಹಿಡಿಯುವ ಮುಳ್ಳುಗಳು ಸವೆದುಹೋಗಿದ್ದವು. ಓಡುವವಳು ಜೋರಾಗಿ ಒದ್ದರೆ ಬ್ಲಾಕೇ ಹಿಂದಕ್ಕೆ ಜಾರುತ್ತಿತ್ತು. ಅದಕ್ಕೇ ಇನ್ನೊಬ್ಬಳು ಹಿಂದೆ ನಿಂತು ಅದನ್ನು ಕಾಲಿನಿಂದ ಅದುಮಿ ಹಿಡಿದು, 'ಸೆಟ್, ಗೋ' ಎಂದು ಕೂಗಬೇಕಿತ್ತು. ನನ್ನದನ್ನು ಜೊತೆಗೆ ಓಡುತ್ತಿದ್ದ ಗೆಳತಿ ಹಿಡಿಯುತ್ತಿದ್ದಳು, ಅವಳದನ್ನು ನಾನು. ಮೂರು ವರ್ಷ ಹೀಗೇ ನಡೆಯಿತು.

ಅವಳು ಬಾಗಲಕೋಟೆ ಕಡೆಯವಳು, ಕೋಗಿಲಿನ ಪಿಜಿಯೊಂದರಲ್ಲಿದ್ದಳು. ನಾನು ಕೊಡಿಗೇಹಳ್ಳಿಯವಳು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ನಾನು ಓಡಿದರೂ ಒಂದೇ, ಬಿಟ್ಟರೂ ಒಂದೇ. ಅವಳು ರಾಜ್ಯದ ರಿಲೇ ತಂಡಕ್ಕೆ ಸೇರಿದರೆ ಕ್ರೀಡಾ ಕೋಟಾದಲ್ಲಿ ಕೆಲಸ, ಇಲ್ಲದಿದ್ದರೆ ಊರಿಗೆ ವಾಪಸ್, ಮದುವೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ತಂಡದಲ್ಲಿ ಉಳಿದಿದ್ದುದು ಒಂದೇ ಜಾಗ, ಮೊದಲು ಓಡುವವಳದು. ಇಬ್ಬರನ್ನೂ ಒಬ್ಬೊಬ್ಬರಾಗಿ ಓಡಿಸಿ ಟೈಮ್ ನೋಡುತ್ತೇನೆಂದು ನಮ್ಮ ಕೋಚ್ ಸರ್ ಆ ತುದಿಯಲ್ಲಿ ವಾಚ್ ಹಿಡಿದು ನಿಂತರು. ಮೊದಲು ನಾನು ಓಡಿದೆ. ಅವಳು ಬ್ಲಾಕನ್ನು ಒಂದಿಷ್ಟೂ ಅಲುಗಾಡಲು ಬಿಡಲಿಲ್ಲ. ನನ್ನ ಟೈಮ್ ಪರವಾಗಿಲ್ಲ ಅನ್ನುವಂತಿತ್ತು, ಅಷ್ಟೆ. ಅವಳು ಅದಕ್ಕಿಂತ ಬೇಗ ಓಡುತ್ತಿದ್ದಳು, ಅದು ದಿನಾ ನೋಡಿದ್ದೇ. ನನಗೆ ಹೊಟ್ಟೆ ಉರಿಯುತ್ತಿತ್ತು.

"ಗಟ್ಟಿ ಹಿಡಿಯವಾ," ಎಂದು ಅವಳು ಬ್ಲಾಕಿಗೆ ಪಾದ ಕೊಟ್ಟಳು.

'ಸೆಟ್' ಎಂದೆ. ಅವಳ ಸೊಂಟ ಮೇಲೆದ್ದಿತು. 'ಗೋ' ಎನ್ನುತ್ತಲೇ ಕಾಲು ತೆಗೆದೆ. ಜಾರಲಿಲ್ಲ, ಮೈಮರೆಯಲಿಲ್ಲ, ತೆಗೆದೆ. ಬ್ಲಾಕ್ ಹಿಂದಕ್ಕೆ ಹೋಯಿತು, ಅವಳು ಬೋರಲು ಬಿದ್ದು ತೊಡೆ ಹಿಡಿದುಕೊಂಡಳು.

ಓಡಿ ಬಂದ ಸರ್ ಬೈದದ್ದು ಅವಳಿಗೇ. "ಇಷ್ಟ್ ವರ್ಷ ಆದ್ರೂ ನೆಟ್ಟಗೆ ಒಂದ್ ಸ್ಟಾರ್ಟ್ ತಗೊಳ್ಳೋಕ್ ಬರಲ್ವಲ್ಲಮ್ಮ."

"ನನ್ನ ಕಾಲು ಜಾರ್ತ್ರೀ ಸರ," ಎಂದಳು.

ಹೆಬ್ಬಾಳದ ಆಸ್ಪತ್ರೆಗೆ ಆಟೋದಲ್ಲಿ ನಾನೇ ಕರೆದುಕೊಂಡು ಹೋದೆ. ತೊಡೆಯ ಹಿಂದಿನ ಸ್ನಾಯು ಹರಿದಿದೆ, ಈ ವರ್ಷ ಓಟದ ಮಾತೇ ಬೇಡ ಎಂದರು ಡಾಕ್ಟರು. ಅವಳ ಬೆನ್ನು ಸವರಿದೆ. ತಂಡದ ಜಾಗ ಇನ್ನು ನನ್ನದೇ ಎಂದು ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ವಾರ ಕಳೆದ ಮೇಲೆ ಅವಳು ಕುಂಟುತ್ತ ಮೈದಾನಕ್ಕೆ ಬಂದಳು. ನೆಟ್ಟಗೆ ನನ್ನ ಬ್ಲಾಕಿನ ಹಿಂದೆ ಹೋಗಿ ನಿಂತಳು.

"ನೀನ್ಯಾಕೆ ಬರೋಕ್ ಹೋದೆ? ರೆಸ್ಟ್ ತಗೋಬಾರ್ದಾ?" ಎಂದೆ.

"ನೀ ಕಾಲು ತಗದಿದ್ದು ನಂಗ ಗೊತ್ತೈತಿ," ಎಂದಳು, ನನಗೊಬ್ಬಳಿಗೇ ಕೇಳುವಂತೆ. "ಊರಿಗೆ ಹೋಗೋತನಕ ನಿನ್ನ ಬ್ಲಾಕ್ ನಾನೇ ಹಿಡೀತೇನಿ. ಕುಂದ್ರು."

ಕೂತೆ. ಸರ್ ಎದುರು ಏನೆಂದು ಬೇಡ ಅನ್ನಲಿ? ಅವಳು 'ಸೆಟ್' ಎಂದಾಗಲೆಲ್ಲ ನನ್ನ ಬೆನ್ನು ಸೆಟೆದುಕೊಳ್ಳುತ್ತಿತ್ತು. ಈಗ ತೆಗೆಯುತ್ತಾಳೆ, ಈ ಸಲ ತೆಗೆದೇ ತೆಗೆಯುತ್ತಾಳೆ ಎಂದು ಅಂಜಿ ಅರ್ಧ ಬಲದಲ್ಲೇ ಒದೆಯುತ್ತಿದ್ದೆ. ದಿನದಿಂದ ದಿನಕ್ಕೆ ನನ್ನ ಟೈಮ್ ಕೆಟ್ಟಿತು. "ಒದೆಯೋಕೇ ಭಯನಾ ನಿಂಗೆ?" ಎಂದು ಸರ್ ರೇಗಿದರು. ತಿಂಗಳು ತುಂಬುವುದರೊಳಗೆ ಹಾಸನದ ಹುಡುಗಿಯೊಬ್ಬಳನ್ನು ಕರೆಸಿ ಆ ಜಾಗ ಅವಳಿಗೆ ಕೊಟ್ಟರು.

ಮಾರನೆಯ ದಿನ ನನ್ನ ಬ್ಲಾಕ್ ಹಿಡಿಯುತ್ತಿದ್ದವಳು ಊರಿಗೆ ಹೊರಟಳು. ಅಷ್ಟೂ ದಿನದಲ್ಲಿ ಒಂದು ಸಲವೂ ಅವಳು ಕಾಲು ತೆಗೆದಿರಲಿಲ್ಲ.