ಓತಿಲಿಯಾಳ ಸುತ್ತು

ಓತಿಲಿಯಾ ನನ್ನ ಪಕ್ಕದ ಮನೆಯವಳು. ವಯಸ್ಸು ಎಪ್ಪತ್ತೊಂದು, ಮಾತು ಖಾರ. ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದ ಕೂಡಲೇ ರಬ್ಬರ್ ಬೂಟು ಹಾಕಿಕೊಂಡು ಸೇತುವೆಯ ಬಳಿ ನಿಲ್ಲುತ್ತಾಳೆ. ಕಂಕುಳ ಕೂಸು, ಮಂಡಿನೋವಿನ ನಾನು, ಯಾರು ಬಂದರೂ ಸರಿ. ಹೊಳೆಯ ದಂಡೆಗುಂಟ ಕಾಡು ಹೊಕ್ಕು, ಇಗರ್ಜಿಯ ಹಿಂದಿನಿಂದ ಮತ್ತೆ ಸೇತುವೆಗೆ ಬಂದರೆ ಒಂದು ಸುತ್ತು. ನಿಧಾನಕ್ಕೆ ನಡೆದರೂ ಒಂದೂವರೆ ಗಂಟೆ ಸಾಕು.

ಪ್ರವಾಸಿಗರಿಗೆಂದು ಯಾರೋ "ಸುಲಭದ ದಾರಿ, ಮಕ್ಕಳೂ ನಡೆಯಬಹುದು" ಎಂದು ಫಲಕ ನೆಟ್ಟಾಗ ಅವಳು ಸಿಡಿದಿದ್ದಳು.

"ಸುಲಭ ಅಂತೆ. ನಲವತ್ತು ವರ್ಷ ಮಚ್ಚು ಹಿಡಿದು ಸವರಿದೋಳು ನಾನು. ತಾನಾಗೇ ಸುಲಭ ಆಯ್ತಾ ಅದು?"

ಮದುವೆಯಾಗಿ ಬಂದ ಹೊಸದರಲ್ಲಿ ಬಟ್ಟೆ ಒಗೆಯಲು ಹೋಗುತ್ತಾ ಅವಳೇ ಬಿಡಿಸಿದ ದಾರಿಯದು. ಗಂಡ ಸತ್ತ ವಾರವೂ ನಡೆದಿದ್ದಳು.

ಹೋದ ವರ್ಷ ರಾಜಧಾನಿ ಸಾನ್ ಹೊಸೆಯ ದೋನ್ ಫಬ್ರಿಸಿಯೊ ಹೊಳೆದಂಡೆಯಲ್ಲಿ ಜಾಗ ಕೊಂಡರು. ಅತಿಥಿಗಳಿಗೆ ಮರದ ಮನೆಗಳನ್ನು ಕಟ್ಟಿಸಿ, ನಮ್ಮ ದಾರಿಯ ನಡುಮಧ್ಯೆ ಕಬ್ಬಿಣದ ಗೇಟು ನಿಲ್ಲಿಸಿದರು. ಮೇಲೊಂದು ಬೀಗ ಬೇರೆ. ಅಲ್ಲಿಯವರೆಗೆ ಹೋಗಿ ಹಿಂದಿರುಗಿದರಾಯಿತು ಎಂದು ನಾವೆಲ್ಲ ಓತಿಲಿಯಾಳಿಗೆ ಹೇಳಿದೆವು. ನಾಚಿಕೆಯಾಗಬೇಕು ನಮಗೆ.

"ಹೋದ ದಾರೀಲೇ ತಿರುಗಿ ಬರೋಕೆ ನಾನೇನು ಮನೇಲಿ ಏನಾದ್ರೂ ಮರೆತು ಬಂದಿದೀನಾ?" ಎಂದಳು.

ಮುಂದಿನ ಭಾನುವಾರ ನಮ್ಮ ಹದಿನಾಲ್ಕು ಜನರನ್ನು ಹಿಂದಿಟ್ಟುಕೊಂಡು ಗೇಟಿನ ಮುಂದೆ ನಿಂತು "ಉಪೆ" ಎಂದು ಕೂಗಿದಳು. ನಮ್ಮಲ್ಲಿ ಬಾಗಿಲು ಬಡಿಯುವವರಿಲ್ಲ, ಹೀಗೇ ಕೂಗುತ್ತೇವೆ. ಉಪೆ ಎಂಬುದು ಕಿವಿಗೆ ಬಿದ್ದರೆ ಒಳಗಿನವರ ಬಾಯಿ ತಾನಾಗಿ ಒಳಗೆ ಕರೆಯುತ್ತದೆ. ಮಾತು ಕಲಿತಾಗಿನಿಂದ ಬಂದ ಅಭ್ಯಾಸ. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ದೋನ್ ಫಬ್ರಿಸಿಯೊ ಪೇಪರಿನಿಂದ ತಲೆ ಎತ್ತದೆಯೇ ಹೇಳಿಬಿಟ್ಟರು: "ಬನ್ನಿ, ಒಳಗೆ ಬನ್ನಿ."

ಆಮೇಲೆ ನಮ್ಮನ್ನು ನೋಡಿದರು. ಮುಖ ಹುಳ್ಳಗಾಯಿತು.

"ದೋನ್ಯಾ ಓತಿಲಿಯಾ, ನಾನು ಹಾಗಲ್ಲ ಹೇಳಿದ್ದು..."

"ಕರೆದಾಯ್ತಲ್ಲ ದೋನ್ ಫಬ್ರಿಸಿಯೊ. ಕರೆದು ಹೊರಗೇ ನಿಲ್ಲಿಸಿದ್ರಿ ಅಂತ ನಿಮ್ಮ ತಾಯಿಗೆ ಗೊತ್ತಾದ್ರೆ ಏನಂತಾರೆ?"

ಬೀಗ ತೆಗೆದರು. ನಾವು ಸುತ್ತು ಮುಗಿಸಿದೆವು.

ಎರಡನೇ ಭಾನುವಾರ ಅವರು ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಅಡುಗೆಯವಳು ಒಲೆಯ ಮುಂದಿನಿಂದಲೇ ಬನ್ನಿ ಎಂದಳು. ಮೂರನೇ ವಾರ ಅವಳಿಗೂ ತಾಕೀತಾಗಿತ್ತು. ಛಾವಣಿ ರಿಪೇರಿಗೆ ಬಂದವನು ಮೇಲಿನಿಂದ ಕರೆದ. ಇಡೀ ಕೋಸ್ಟರಿಕಾದಲ್ಲಿ ಎಷ್ಟು ಬಾಯಿಗೆ ಬೀಗ ಹಾಕಿಯಾರು ಆ ಮನುಷ್ಯ?

ನಾಲ್ಕನೇ ವಾರ ಅವರೇ ಗೇಟಿಗೆ ಬಂದರು. ಕೈಯಲ್ಲಿ ಕೀಲಿ.

"ದೋನ್ಯಾ, ಇದು ನಿಮ್ಮ ಹತ್ರನೇ ಇರ್ಲಿ. ಬೇಕಾದಾಗ ಬನ್ನಿ, ಹೋಗಿ. ಕೂಗೋದೊಂದು ಬಿಡಿ, ಅತಿಥಿಗಳು ನಗ್ತಾರೆ."

ಸದ್ಯ, ಗೆದ್ದೆವು ಎಂದುಕೊಂಡೆ. ನಾನಾಗಿದ್ದರೆ ಆಗಲೇ ಕೈ ಚಾಚಿರುತ್ತಿದ್ದೆ. ಓತಿಲಿಯಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಕೀಲಿ ಇಸ್ಕೊಂಡ್ರೆ ಬೀಗ ಒಪ್ಕೊಂಡ ಹಾಗೆ. ನಂಗೆ ಬೇಡ. ಗೇಟನ್ನೇ ಬಿಚ್ಚಿ ತೆಗೀರಿ."

"ಈಗ್ಲೇನಾ?"

"ಅವಸರ ಇಲ್ಲ. ಕಾಯ್ತೀವಿ."

ಅಲ್ಲೇ ನೆಲದ ಮೇಲೆ ಕುಳಿತಳು. ಒಬ್ಬೊಬ್ಬರಾಗಿ ನಾವೂ ಕುಳಿತೆವು, ಕೂಸಿನ ತಾಯಿ ಹಾಲೂಡಿಸತೊಡಗಿದಳು. ದೋನ್ ಫಬ್ರಿಸಿಯೊ ಸ್ವಲ್ಪ ಹೊತ್ತು ಕೀಲಿ ತಿರುಗಿಸುತ್ತಾ ನಿಂತಿದ್ದು, ಆಮೇಲೆ ಸ್ಪ್ಯಾನರ್ ತರಲು ಒಳಗೆ ಹೋದರು.